ಎಸೆಯುವ ಎರಿಯಿಂದ ಮೇಣದಬತ್ತಿ

ಶಿರಸಿ ಕಡೆಯ ತೋಟದ ಮನೆ ನಮ್ಮದು. ಮಳೆಗಾಲದಲ್ಲಿ ಕರೆಂಟು ಹೋದರೆ ಬಂದಾಗಲೇ ಬಂತು. ಆರು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇನೆ. ಜೇನು ಬಿಟ್ಟುಹೋದ ಪೆಟ್ಟಿಗೆಯ ಎರಿಗಳನ್ನು, ಅಂದರೆ ಹುಳುಗಳು ಮೇಣದಿಂದ ಕಟ್ಟಿದ ಹಲ್ಲೆಗಳನ್ನು, ಮೊದಲೆಲ್ಲ ಸುಮ್ನೆ ಎಸೆಯುತ್ತಿದ್ದೆ. ಈಗ ಮೇಣದ ಹುಳು ಬೀಳುವ ಮೊದಲೇ ಕರಗಿಸಿಬಿಡುತ್ತೇನೆ.

ಎರಿಗಳನ್ನು ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಸ್ಟೀಲ್ ಪಾತ್ರೆಯ ನೀರಲ್ಲಿ ಕಾಯಿಸಿ, ಸೌಟಿನಿಂದ ಒತ್ತುತ್ತೇನೆ. ಕಬ್ಬಿಣದ್ದು ಬೇಡ, ಮೇಣದ ಬಣ್ಣ ಕೆಡುತ್ತದೆ. ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಹಳದಿ ಬಿಲ್ಲೆ ತೇಲುತ್ತಿರುತ್ತದೆ. ಅಡಿಯ ಕಸ ಕೆರೆದು ಇನ್ನೊಮ್ಮೆ ಸೋಸಿದರೆ ಸಾಕು.

ನನ್ನನ್ನು ಜಾಸ್ತಿ ಕಾಡಿದ್ದು ಮೇಣವಲ್ಲ, ಬತ್ತಿ. ಮೊದಲು ದೇವರ ದೀಪದ ಬತ್ತಿಯನ್ನೇ ಹಾಕಿದೆ. ಉರಿ ಚಿಕ್ಕದಾಗಿ, ನಡುವೆ ಗುಳಿ ಬಿದ್ದು, ಕೊನೆಗೆ ಮೇಣದಲ್ಲೇ ಮುಳುಗಿ ಆರಿತು. ಜೇನುಮೇಣ ಕರಗಲು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್ ಬೇಕು. ಕರಗಿದ ಮೇಲೂ ಮಂದವೇ. ತೆಳು ಬತ್ತಿ ಅದನ್ನು ಮೇಲಕ್ಕೆ ಎಳೆಯಲಾರದು. ದಪ್ಪಗೆ ಹೊಸೆದು ನೋಡಿದೆ. ತುದಿಯಲ್ಲಿ ಕರಿ ಅಣಬೆ ಬೆಳೆದು ಹೊಗೆ ಬಂತು.

ಆಮೇಲೆ ಹತ್ತಿ ನೂಲನ್ನು ಮೂರು ಎಳೆ ಮಾಡಿ ಜಡೆಯಂತೆ ಹೆಣೆದೆ. ಆ ಬತ್ತಿ ಉರಿಯುತ್ತಾ ಬಾಗುತ್ತದೆ. ತುದಿ ಜ್ವಾಲೆಯ ಅಂಚಿಗೆ ಬಂದು ತಾನೇ ಬೂದಿಯಾಗುತ್ತದೆ. ಎಷ್ಟು ಜಾಣ ಉಪಾಯ ಅಲ್ವಾ! 1825ರಲ್ಲಿ ಫ್ರಾನ್ಸಿನಲ್ಲಿ ಹೆಣೆದ ಬತ್ತಿ ಬರುವ ಮೊದಲು, ಜನ ಕತ್ತರಿ ಹಿಡಿದು ಸುಟ್ಟ ತುದಿಯನ್ನು ಮತ್ತೆ ಮತ್ತೆ ಕತ್ತರಿಸಬೇಕಿತ್ತು.

ನಮ್ಮ ಮಳೆಗಾಲದಲ್ಲಿ ನೂಲೂ ತೇವ ಹೀರುತ್ತದೆ, ಹಚ್ಚಿದರೆ ಚಟಪಟ ಅನ್ನುತ್ತದೆ. ಅದಕ್ಕೇ ಬತ್ತಿಯನ್ನು ಬಿಸಿ ಮೇಣದಲ್ಲಿ ಗುಳ್ಳೆ ನಿಲ್ಲುವವರೆಗೆ ನೆನೆಸಿ, ಎಳೆದು ಒಣಗಿಸುತ್ತೇನೆ.

ನನಗೆ ಅಚ್ಚು ಬೇಕಿಲ್ಲ. ಎತ್ತರದ ಡಬ್ಬಿಯಲ್ಲಿ ಮೇಣ ಹಾಕಿ, ಡಬ್ಬಿಯನ್ನು ಬಿಸಿನೀರಲ್ಲಿ ನಿಲ್ಲಿಸುತ್ತೇನೆ. ನೇರ ಒಲೆಯ ಮೇಲೆ ಇಡಲೇಬೇಡಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಮುಚ್ಚಳ ಮುಚ್ಚಿ ಒಲೆ ಆರಿಸಬೇಕು. ಬತ್ತಿಯನ್ನು ಅದ್ದಿ, ಎತ್ತಿ, ಆರಲು ಬಿಟ್ಟು, ಮತ್ತೆ ಅದ್ದುತ್ತೇನೆ. ಇಪ್ಪತ್ತು, ಇಪ್ಪತ್ತೈದು ಸಲ ಅದ್ದಿದರೆ ಬೆರಳು ದಪ್ಪ ಬರುತ್ತದೆ. ಒಳಗೆ ತುಸು ಹೊತ್ತು ಜಾಸ್ತಿ ನಿಂತರೂ ಹಿಂದಿನ ಪದರ ಕರಗಿ ಹೋಗುತ್ತದೆ. ಬೆಚ್ಚಗಿರುವಾಗಲೇ ಒದ್ದೆ ಕಲ್ಲಿನ ಮೇಲೆ ಉರುಳಿಸಿದರೆ ನೆಟ್ಟಗಾಗುತ್ತದೆ.

ಕೆಲವು ವಾರದ ಮೇಲೆ ಮೇಣದಬತ್ತಿಗಳ ಮೈಮೇಲೆ ಬಿಳಿ ಪುಡಿ ಕೂರುತ್ತದೆ. ಬೂಸು ಬಂತೆಂದು ಅಮ್ಮ ಎಸೆಯಲು ಹೊರಟಿದ್ದರು. ಅದು ಜೇನುಮೇಣದ್ದೇ ಗುಣ. ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹಳದಿ ಹೊಳಪು ಮತ್ತೆ ಬರುತ್ತದೆ.