ಬೆಳಿಗ್ಗೆ ಮಕ್ಕಳು, ಮೂರು ಗಂಟೆಗೆ ಅಜ್ಜ

ಕಾಸರಗೋಡಿನ ಬದಿಯಡ್ಕದಲ್ಲಿ ಕೂತು ಮಕ್ಕಳ ಸಿನಿಮಾ ಮಾಡಿದರೆ ಹಾಕಿದ ದುಡ್ಡು ಬರುವುದಿಲ್ಲ ಎಂದವರೇ ಜಾಸ್ತಿ. ನನ್ನ ಮೊದಲ ಸಿನಿಮಾದಲ್ಲಿ ಸುಮಾರು 9 ಲಕ್ಷ ಹೋಯಿತು. ಹೋದದ್ದೆಲ್ಲ ಮಧ್ಯಾಹ್ನದ ಮೇಲೆ. ಮಕ್ಕಳಿಗೆ ದಿನಕ್ಕೆ 5 ಗಂಟೆ, ಒಂದೇ ಸಲಕ್ಕೆ 3 ಗಂಟೆ ದಾಟಿ ಕೆಲಸ ಕೊಡುವಂತಿಲ್ಲ ಅಲ್ವಾ? ಒಂದು ಗಂಟೆಗೆ ಅವರು ಮನೆಗೆ. ಕ್ಯಾಮೆರಾ ಬಾಡಿಗೆ, ಯೂನಿಟ್‌ನ ಬಾಟಾ (ದಿನದ ಭತ್ಯೆ) ಮಾತ್ರ ರಾತ್ರಿಯವರೆಗೆ ಓಡುತ್ತಿತ್ತು.

ಎರಡನೇ ಸಿನಿಮಾಕ್ಕೆ ಕಥೆಗೊಬ್ಬ ಅಜ್ಜನನ್ನು ತಂದೆ. ಆ ಪಾತ್ರಕ್ಕೆ ತೆಂಕುತಿಟ್ಟು ಯಕ್ಷಗಾನದ ಒಬ್ಬ ವೇಷಧಾರಿಯನ್ನು ಒಪ್ಪಿಸಿದೆ. ಅವರು ಮೇಳದಲ್ಲಿ ರಾತ್ರಿಯಿಡೀ ಕುಣಿದು ಬೆಳಿಗ್ಗೆ ಮಲಗುವವರು. ಮಧ್ಯಾಹ್ನ ಮೂರಕ್ಕೆ ಬಂದು ಆರಕ್ಕೆ ಚೌಕಿಗೆ, ಅಂದರೆ ಬಣ್ಣ ಹಚ್ಚುವ ಕೋಣೆಗೆ, ಹೊರಡುತ್ತಿದ್ದರು. "ಅಣ್ಣಾ, ಇದು ಆಗುವ ಕೆಲಸವಾ?" ಎಂದು ಕ್ಯಾಮೆರಾಮನ್ ಕೇಳಿದ. ಆಯಿತು! ಮಕ್ಕಳು 7ರಿಂದ 10, ಗಂಜಿ ಉಂಡು ವಿಶ್ರಾಂತಿ, ಮತ್ತೆ 11ರಿಂದ 1. ಆಮೇಲೆ ಅಜ್ಜ.

ತೊಂದರೆ ಕೊಟ್ಟದ್ದು ಬಿಸಿಲು. ಮೊಮ್ಮಗಳ ಮುಖಕ್ಕೆ ಬೆಳಗಿನ ಬಿಸಿಲು, ಉತ್ತರ ಕೊಡುವ ಅಜ್ಜನಿಗೆ ಸಂಜೆಯದು. ಮೊದಲ ನಾಲ್ಕು ದಿನದ ಫೂಟೇಜ್ ಪೂರ್ತಿ ಬಿಸಾಡಿದೆ. ಕೊನೆಗೆ ಇಬ್ಬರ ಮಾತುಗಳನ್ನೂ ದಟ್ಟ ಅಡಿಕೆ ತೋಟದೊಳಗೆ ಇಟ್ಟೆ. ಅಲ್ಲಿ ಬಿಸಿಲು ನೇರ ಬೀಳುವುದಿಲ್ಲ, ಬೆಳಿಗ್ಗೆ ಸಂಜೆ ಗೊತ್ತಾಗುವುದಿಲ್ಲ. ಅಜ್ಜ ಎದುರಿಗಿಲ್ಲದೆ ಆ ಹುಡುಗಿಯ ಕಣ್ಣು ಸರಿಯಾದ ಕಡೆ ನಿಲ್ಲುವಂತೆ ಹೇಗೆ ಮಾಡಿದೆ ಎಂಬುದನ್ನು ಹೇಳುವುದಿಲ್ಲ. ಮುಂದಿನ ಸಿನಿಮಾಕ್ಕೂ ಅದು ಬೇಕು.

ಇಬ್ಬರೂ ಒಟ್ಟಿಗೆ ಬೇಕಾದ ಆರು ದೃಶ್ಯಗಳನ್ನು ಮೇ ಕೊನೆಗೆ ಬರುವ ಪತ್ತನಾಜೆಗೆ ಉಳಿಸಿದ್ದೆ. ಅಂದು ಮೇಳ ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುತ್ತದೆ, ಜೂನ್‌ಗೆ ಶಾಲೆ ಶುರು, ನಡುವೆ ಒಂದು ವಾರ ಸಿಗುತ್ತದೆ. ಎರಡನೇ ದಿನವೇ ಮಳೆ ಹಿಡಿಯಿತು. ಎರಡು ದಿನ ಸುಮ್ನೆ ಹೋಯಿತು. ಎಲ್ಲವನ್ನೂ ಜಗಲಿಗೆ ಬದಲಾಯಿಸಿದೆ. ಈಗ ನೋಡಿದರೆ ಸಿನಿಮಾದ ಒಳ್ಳೆಯ ದೃಶ್ಯಗಳು ಅವೇ.

ಡಬ್ಬಿಂಗ್‌ಗೆ ಮಂಗಳೂರಿಗೆ ಹೋಗುವ ಮೊದಲು ಒಂದು ಪ್ರಯೋಗ ಮಾಡಿದೆ. ಮನೆಯ ಉಗ್ರಾಣದಲ್ಲಿ ಅಡಿಕೆ ಗೋಣಿಗಳನ್ನು ಸುತ್ತ ಒಟ್ಟಿ ನಡುವೆ ಮೈಕ್ ಇಟ್ಟೆ. ಪ್ರತಿಧ್ವನಿಯೇ ಇಲ್ಲ. ಮಕ್ಕಳ ಮಾತೆಲ್ಲ ಅಲ್ಲೇ ಮುಗಿಸಿದೆ, 60 ಸಾವಿರದಷ್ಟು ಉಳಿಯಿತು.

ಖರ್ಚು 14 ಲಕ್ಷದ ಹತ್ತಿರ. ಸೆನ್ಸಾರ್‌ನಲ್ಲಿ ಎಲ್ಲರೂ ನೋಡಬಹುದಾದ 'ಯು' ಸರ್ಟಿಫಿಕೇಟ್ ಸಿಕ್ಕಿತು. ಥಿಯೇಟರ್‌ಗೆ ಹೋಗದೆ ಕುಂಬಳೆ, ಮುಳ್ಳೇರಿಯ, ಮಂಜೇಶ್ವರದ ಶಾಲೆ, ಸಭಾಭವನಗಳಲ್ಲಿ 60ರಷ್ಟು ಪ್ರದರ್ಶನ, ಟಿಕೆಟ್ 50 ರೂಪಾಯಿ. ಅದರಿಂದ 9 ಲಕ್ಷ, ಒಟಿಟಿ ಮತ್ತು ಗಲ್ಫ್‌ನ ಎರಡು ಪ್ರದರ್ಶನದಿಂದ ಇನ್ನೊಂದು 7. ಮಕ್ಕಳ ಸಂಭಾವನೆಯ ಶೇ. 20 ಅವರವರ ಹೆಸರಲ್ಲಿ ಠೇವಣಿಯಾಗಿದೆ. ಸೊಸೈಟಿಯಲ್ಲಿ ಅಡವಿಟ್ಟ ಹೆಂಡತಿಯ ಬಳೆಗಳನ್ನೂ ಬಿಡಿಸಿ ತಂದೆ.