ಅರಮನೆಯ ನಿಶ್ಚಿತಾರ್ಥವನ್ನು ತರಗತಿಯಲ್ಲಿ ಚರ್ಚೆಗೆ ಇಡುವುದು ಹೇಗೆ?

ಬ್ರಿಟನ್ನಿನ ರಾಜಕುಮಾರ ವಿಲಿಯಂ ಮತ್ತು ಕೇಟ್ ನಿಶ್ಚಿತಾರ್ಥದ ಸುದ್ದಿ ಹೊರಬಿದ್ದದ್ದು 2010ರ ನವೆಂಬರ್ 16ರಂದು. ಆ ವಾರ ಗೌರಿಬಿದನೂರು ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಸಮಾಜ ವಿಜ್ಞಾನದ ಪಾಠಕ್ಕೆ ಹೋದರೆ, ಹುಡುಗಿಯರ ಬೆಂಚಿನಲ್ಲಿ ಪತ್ರಿಕೆಯ ಪುಟವೊಂದು ಕೈಯಿಂದ ಕೈಗೆ ಓಡಾಡುತ್ತಿತ್ತು. ಒಳ್ಳೆಯ ಅವಕಾಶ ಎಂದುಕೊಂಡು ‘ಈ ಕಾಲದಲ್ಲಿ ರಾಜ ಬೇಕೇ?’ ಎಂದು ಹಲಗೆಯ ಮೇಲೆ ಬರೆದೆ. ನಲವತ್ತು ನಿಮಿಷ ಕಳೆದ ಮೇಲೆ ಎಲ್ಲರೂ ಒಪ್ಪಿದ ತೀರ್ಮಾನ ಒಂದೇ: ಹುಡುಗನ ತಲೆಯಲ್ಲಿ ಕೂದಲು ಕಡಿಮೆ.

ನಿವೃತ್ತಳಾಗುವವರೆಗೂ ಆ ಚರ್ಚೆಯನ್ನು ಬಿಡದೆ ಮಾಡಿಸಿದೆ. ಸರಿಹೋದ ಕ್ರಮ ಇದು.

ಮೊದಲ ಹತ್ತು ನಿಮಿಷವನ್ನು ಉಂಗುರಕ್ಕೆ ಬಿಟ್ಟುಕೊಡಿ. ಕೇಟ್ ಬೆರಳಿನ ನೀಲದ ಉಂಗುರ ವಿಲಿಯಂ ತಾಯಿ ಡಯಾನಾ ಅವರದ್ದು ಎಂದರೆ ಸಾಕು, ತರಗತಿ ನಿಮ್ಮ ಕೈಯಲ್ಲಿರುತ್ತದೆ. ಅತ್ತೆಯ ಒಡವೆ ಸೊಸೆಗೆ ಬರುವುದನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ‘ಇದೆಲ್ಲ ಹರಟೆ’ ಎಂದು ಗದರಬೇಡಿ. ಗದರಿದರೆ ಆ ಸಂತೋಷ ಒಳಗೇ ಕುಳಿತಿದ್ದು, ಆಮೇಲೆ ವಾದದ ವೇಷ ಹಾಕಿಕೊಂಡು ಬರುತ್ತದೆ.

ನಂತರ ಹಲಗೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಅನಿಸಿಕೆ’, ಬಲಕ್ಕೆ ‘ಪ್ರಶ್ನೆ’. ‘ಜೋಡಿ ಚೆನ್ನಾಗಿದೆ’ ಎಡಕ್ಕೆ, ‘ಮದುವೆಗೆ ದುಡ್ಡು ಯಾರದು?’ ಬಲಕ್ಕೆ. ತೊಂದರೆ ಕೊಡುವುದು ನಡುವಿನ ಮಾತುಗಳು. ‘ಅವಳಿಗೇನು, ಪುಣ್ಯವಂತೆ’ ಎಂದು ಒಬ್ಬಳು ನಿಟ್ಟುಸಿರು ಬಿಟ್ಟರೆ ಅದು ಎಲ್ಲಿಗೆ? ಹೇಳಿದವಳೇ ಎದ್ದುಬಂದು ಬರೆಯಲಿ.

2017ರ ನವೆಂಬರಿನಲ್ಲಿ ವಿಲಿಯಂ ತಮ್ಮ ಹ್ಯಾರಿ ಮತ್ತು ಮೇಘನ್ ನಿಶ್ಚಿತಾರ್ಥದ ಸುದ್ದಿ ಬಂದಾಗ ಹುಡುಗನೊಬ್ಬ, ‘ಆಕೆಗೆ ಮೊದಲೇ ಮದುವೆಯಾಗಿ ವಿಚ್ಛೇದನವಾಗಿತ್ತಂತೆ’ ಎಂದು ಮುಖ ಸಿಂಡರಿಸಿದ. ಎಡಕ್ಕೆ ಬರೆಸಿದೆ. ಆಮೇಲೆ ಎಂಟನೆಯ ಎಡ್ವರ್ಡ್ ಕಥೆ ಹೇಳಿದೆ. ವಿಚ್ಛೇದಿತೆಯನ್ನು ಮದುವೆಯಾಗಲು ಅವರು 1936ರ ಡಿಸೆಂಬರಿನಲ್ಲಿ ಸಿಂಹಾಸನವನ್ನೇ ಬಿಡಬೇಕಾಯಿತು. ಎಂಬತ್ತು ವರ್ಷ ಕಳೆದ ಮೇಲೆ ಅದೇ ಮನೆತನ ಅಂಥದೇ ಮದುವೆಗೆ ಹೂಂ ಎಂದಿತು. ‘ಯಾರು ಬದಲಾದರು, ರಾಜರೋ ಜನರೋ?’ ಎಂದು ಅದೇ ಹುಡುಗ ಬಲಗಡೆ ಬರೆದ.

ಬಲಗಡೆಯ ಪ್ರಶ್ನೆಗಳಿಗೆ ಉತ್ತರಗಳನ್ನು ರಟ್ಟಿನ ಚೀಟಿಗಳಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಮಕ್ಕಳು ಊಹಿಸಿದ ಮೇಲೆ ತೆಗೆಯಿರಿ. 2011ರ ಮದುವೆಯ ಖರ್ಚು ಎರಡು ಕುಟುಂಬಗಳದ್ದು, ಭದ್ರತೆಯ ಖರ್ಚು ಸರ್ಕಾರದ್ದು. 2013ರ ಕಾಯಿದೆಯ ಪ್ರಕಾರ ಸಿಂಹಾಸನದ ಸರದಿಯಲ್ಲಿರುವ ಮೊದಲ ಆರು ಮಂದಿ ಮದುವೆಗೆ ಅರಸರ ಒಪ್ಪಿಗೆ ಪಡೆಯಬೇಕು. ಹ್ಯಾರಿ ಆಗ ಐದನೆಯವರು, ರಾಣಿಯಾಗಿದ್ದ ಅಜ್ಜಿ ಎಲಿಜಬೆತ್ ಒಪ್ಪಬೇಕಾಯಿತು. ‘ನಮ್ಮ ಮನೆಯಲ್ಲಿ ಅಷ್ಟೂ ಮೊಮ್ಮಕ್ಕಳಿಗೆ ಅಜ್ಜಿ ಒಪ್ಪಬೇಕು, ಮಿಸ್’ ಎಂದಳು ಹಿಂದಿನ ಬೆಂಚಿನವಳು.

ಇಷ್ಟಕ್ಕೆ ಬಿಟ್ಟರೆ ಇದು ಲಂಡನ್ನಿನ ಕಥೆಯಾಗಿಯೇ ಉಳಿಯುತ್ತದೆ. ಮನೆಯ ಹಿರಿಯರನ್ನು ‘ನಮ್ಮ ಮಹಾರಾಜರು ಹೇಗಿದ್ದರು?’ ಎಂದು ಕೇಳಿಕೊಂಡು ಬರಲು ಹೇಳಿ. ನಮ್ಮ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳೇ ಹೆಚ್ಚು. ಯಾವ ಭಾಷೆಯಲ್ಲಿ ಕೇಳಿದರೂ ಸರಿ, ಬರೆಯುವುದು ಕನ್ನಡದಲ್ಲಿರಲಿ. ಒಬ್ಬ ಹುಡುಗನ ತಾತ ನಾಲ್ವಡಿ ಕೃಷ್ಣರಾಜ ಒಡೆಯರ ಪಟವನ್ನು ದೇವರ ಸಾಲಿನಲ್ಲೇ ಇಟ್ಟು ಹೂ ಮುಡಿಸುತ್ತಿದ್ದರಂತೆ. ಮತ್ತೊಬ್ಬಳ ಮುತ್ತಾತ 1938ರ ಏಪ್ರಿಲ್ 25ರಂದು ನಮ್ಮ ತಾಲ್ಲೂಕಿನದೇ ಆದ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದವರ ನಡುವೆ ಇದ್ದು, ಗುಂಡಿನಿಂದ ತಪ್ಪಿಸಿಕೊಂಡು ಓಡಿಬಂದಿದ್ದರಂತೆ. ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಆಗ ಸಿಂಹಾಸನದಲ್ಲಿದ್ದವರು ಅದೇ ನಾಲ್ವಡಿ. ಎರಡು ಮಾತನ್ನೂ ಗೆರೆಯ ಯಾವ ಕಡೆ ಬರೆಯಬೇಕೆಂದು ತೋಚದೆ ಚಾಕ್ ಹಿಡಿದು ನಿಂತುಬಿಟ್ಟೆ. ನಿಮಗೂ ಹಾಗಾದರೆ ಅವಸರಪಡಬೇಡಿ, ನಿಂತಿರಿ.

ಸಂಸ್ಥಾನ ಬಿಟ್ಟುಕೊಟ್ಟ ರಾಜರಿಗೆ ಭಾರತ ಸರ್ಕಾರ ಕೊಡುತ್ತಿದ್ದ ರಾಜಧನದ ಲೆಕ್ಕವನ್ನೂ ಅಂದೇ ಹೇಳಿಬಿಡಿ: ಮೈಸೂರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಗೊತ್ತಾಗಿತ್ತು, ಸಂವಿಧಾನದ 26ನೆಯ ತಿದ್ದುಪಡಿ 1971ರಲ್ಲಿ ರಾಜಧನವನ್ನೇ ರದ್ದು ಮಾಡಿತು. ನಾನು ಈಗ ಪಾಠ ಮಾಡುತ್ತಿದ್ದರೆ ಇನ್ನೊಂದನ್ನು ಸೇರಿಸುತ್ತಿದ್ದೆ. 2016ರಲ್ಲಿ ಅರಮನೆಯಲ್ಲಿ ಮದುವೆಯಾದ ಯದುವೀರ್ ಒಡೆಯರ್ 2024ರಲ್ಲಿ ಜನರ ಮತ ಕೇಳಿ ಲೋಕಸಭೆಗೆ ಹೋದರು.

ಕೊನೆಗೆ ಮತದಾನ. ಒಂದೇ ಚೀಟಿ ಕೊಡಬೇಡಿ, ಎರಡು ಕೊಡಿ: ‘ಮದುವೆಯನ್ನು ಟಿವಿಯಲ್ಲಿ ನೋಡುವಿರಾ?’, ‘ಹುಟ್ಟಿನಿಂದಲೇ ಪದವಿ ಬರಬೇಕೇ?’ ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದವರನ್ನು ಇಬ್ಬಂದಿಗಳೆಂದು ಹಂಗಿಸಬೇಡಿ. ನಾನೂ ಅವರ ಪೈಕಿ. ಚೀಟಿಯ ಹಿಂಬದಿಯಲ್ಲಿ ‘ಮಿಸ್, ನಿಮ್ಮದು ಯಾವ ಕಡೆ?’ ಎಂದು ಯಾರಾದರೂ ಬರೆದೇ ಬರೆಯುತ್ತಾರೆ. ಅದನ್ನು ಗಂಟೆ ಹೊಡೆಯುವುದಕ್ಕೆ ಎರಡು ನಿಮಿಷ ಇರುವಾಗ ಓದಿ, ಮೊದಲು ಓದಿದರೆ ಬೇರೆ ಯಾವ ಚೀಟಿಯನ್ನೂ ಓದಲು ಬಿಡುವುದಿಲ್ಲ.