ಒಂದು ಹೋಸ್ ಪೈಪು, ಆರು ಇಂಜೆಕ್ಟರು: ಲಾರಿಗೆ ಗ್ಯಾರೇಜ್ ಹುಡುಕಿದ ನನ್ನ ಅನುಭವ

ನಮ್ಮೂರು ಹಿರಿಯೂರು ಹತ್ರ. ಇರೋದು ಒಂದೇ ಲಾರಿ, 2018ರ ಬಿಎಸ್-4 (ಹೊಗೆ ಮಾಲಿನ್ಯದ ಹಳೇ ನಿಯಮದ್ದು), ಆರು ಚಕ್ರದ್ದು. ಸೀಸನ್ನಲ್ಲಿ ಚಳ್ಳಕೆರೆ ಕಡೆ ಈರುಳ್ಳಿ ಯಶವಂತಪುರಕ್ಕೆ, ಮಿಕ್ಕಿದ ಟೈಮಲ್ಲಿ ದಾವಣಗೆರೆ ಮೆಕ್ಕೆಜೋಳ ನಾಮಕ್ಕಲ್ ಕಡೆ ಕೋಳಿ ಫೀಡ್ ಮಿಲ್ಲುಗಳಿಗೆ, ವಾಪಸ್ ಬರ್ತಾ ಸೇಲಂನಲ್ಲಿ ಸಬ್ಬಕ್ಕಿ ಲೋಡು ಸಿಕ್ರೆ ಅದು. ನಾನೇ ಹನ್ನೆರಡು ವರ್ಷ ಸ್ಟೇರಿಂಗ್ ಹಿಡಿದೋನು, ಈಗ ಸೊಂಟ ನೋವು ಅಂತ ಡ್ರೈವರ್ ಇಟ್ಟಿದೀನಿ, ಅವ್ನೂ ನಮ್ಮೂರ ಹುಡುಗನೇ. ಮೊನ್ನೆ ಹೊಸದಾಗಿ ಗಾಡಿ ತಗೊಂಡಿರೋ ಇಬ್ರು ಹುಡುಗ್ರು ಬಂದು ಗಾಡೀನ ಎಲ್ಲಿ ಬಿಡೋದು ಅಣ್ಣ ಅಂತ ಕೇಳಿದ್ರು. ಒಂದು ಗ್ಯಾರೇಜಿನ ಹೆಸ್ರು ಹೇಳಿ ಕಳಿಸ್ಬೋದಿತ್ತು, ಆದ್ರೆ ನಾನು ಆ ಗ್ಯಾರೇಜ್ ಮುಟ್ಟೋ ಹೊತ್ತಿಗೆ ಲಕ್ಷದ ಮೇಲೆ ಕಳ್ಕೊಂಡಿದ್ದೆ, ಅದನ್ನ ಪೂರ್ತಿ ಹೇಳ್ಬೇಕು ಅನ್ನಿಸ್ತು.

ಸೇಲಂನಲ್ಲಿ ಸಬ್ಬಕ್ಕಿ ತುಂಬ್ಕೊಂಡು ಹುಬ್ಬಳ್ಳಿಗೆ ಹೊರಟಿದ್ದ ಗಾಡಿ. ರಾತ್ರಿ ಒಂದೂವರೆಗೆ ಫೋನು, ಡ್ರೈವರ್ದು. ತೊಪ್ಪೂರು ಘಾಟ್ ಹತ್ತಾ ಇದ್ದ. "ಅಣ್ಣಾ ಗಾಡಿ ಎಳೀತಿಲ್ಲ, ಮೂರನೇ ಗೇರಲ್ಲೂ ಸಾಯ್ತಾ ಐತೆ, ಕನ್ನಡೀಲಿ ನೋಡಿದ್ರೆ ಬರೀ ಕರೀ ಹೊಗೆ, ಹಿಂದಿನ ಗಾಡಿ ಲೈಟೇ ಕಾಣ್ತಿಲ್ಲ" ಅಂದ. ಏರ್ ಫಿಲ್ಟರ್ ನೋಡು ಅಂದೆ, ನೋಡ್ದ, ಕ್ಲೀನಾಗೇ ಇತ್ತು. ಡೀಸೆಲ್ ಫಿಲ್ಟರ್ ಕೆಳಗಿನ ವಾಟರ್ ಸೆಪರೇಟರ್ ಬಿಚ್ಚಿ ನೀರು ಬಿಡು ಅಂದೆ, ಅದ್ರಲ್ಲೂ ನೀರಿರ್ಲಿಲ್ಲ. ಹಂಗೇ ಎರಡನೇ ಗೇರಲ್ಲಿ ತೆವಳ್ಕೊಂಡು ಘಾಟ್ ಹತ್ತಿಸಿ, ಲೋಡು ಹುಬ್ಬಳ್ಳೀಲಿ ಇಳ್ಸೋ ಹೊತ್ತಿಗೆ ಒಂದೂವರೆ ದಿನ ಲೇಟು, ಡೀಸೆಲ್ ಸುಟ್ಟಿದ್ದು ಬೇರೆ.

ವಾಪಸ್ ಬಂದ್ಮೇಲೆ ಹೆದ್ದಾರಿ ಪಕ್ಕದ ಒಂದು ದೊಡ್ಡ ಗ್ಯಾರೇಜಿಗೆ ಬಿಟ್ಟೆ, ಯಾವೂರು ಅಂತ ಹೇಳೋದು ಬೇಡ. ಶೆಡ್ ದೊಡ್ದು, ಬೋರ್ಡ್ ದೊಡ್ದು, ಹತ್ತು ಹುಡುಗ್ರು ಕೆಲಸಕ್ಕೆ. ನಂಗೆ ಅಷ್ಟೇ ಸಾಕಾಯ್ತು ಆವಾಗ. ಕ್ಯಾಬಿನ್ ಎತ್ತೋಕೆ ಮುಂಚೇನೇ ಅಲ್ಲಿನ ಮೇಸ್ತ್ರಿ, "ಕರೀ ಹೊಗೆನಾ, ಇಂಜೆಕ್ಟರ್ ಹೋಗಿದಾವೆ, ಆರೂ ಹಾಕ್ಬೇಕು" ಅಂದ. ಇಂಜೆಕ್ಟರ್ ಅಂದ್ರೆ ಎಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ಸಾಮಾನು, ಸಿಲಿಂಡರಿಗೊಂದು. ಕಂತು ತಲೆ ಮೇಲಿತ್ತು, ಲೋಡಿನೋರು ದಿನಾ ಫೋನ್ ಮಾಡ್ತಿದ್ರು, ಹೂಂ ಅಂದ್ಬಿಟ್ಟೆ. ಆರು ಹೊಸಾ ಇಂಜೆಕ್ಟರು, ಕೂಲಿ, ಅದೂ ಇದೂ ಸೇರಿ 1,12,000. ಹಳೇವು ಎಲ್ಲಿ ಅಂದ್ರೆ ಎಕ್ಸ್‌ಚೇಂಜಲ್ಲಿ ಹೋದ್ವು ಅಂದ್ರು. ಗಾಡಿ ಹೊರಗೆ ತಂದು ಸಿರಾ ಕಡೆ ಒಂದು ರೌಂಡ್ ಹೊಡೆದೆ, ಅದೇ ಹೊಗೆ ಅದೇ ಸುಸ್ತು. ವಾಪಸ್ ಹೋಗಿ ಕೇಳಿದ್ರೆ, ಹಂಗಾದ್ರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಟರ್ಬೋ ಹೋಗಿರ್ಬೇಕು ಅಂತ ಮತ್ತೆ ನಲವತ್ತು ಸಾವ್ರದ ಲೆಕ್ಕ ಕೊಟ್ರು. "ಹೋಗಿರ್ಬೇಕು" ಅಂತ ಅವ್ರು ಅಂದಾಗ್ಲೇ ನಂಗೆ ಅರ್ಥ ಆಗಿದ್ದು, ಇವ್ರು ನನ್ನ ದುಡ್ಡಲ್ಲಿ ಒಂದೊಂದೇ ಬದಲಾಯಿಸಿ ನೋಡ್ತಾ ಇದಾರೆ, ಪರೀಕ್ಷೆ ಅಂತ ಒಂದೂ ಮಾಡೇ ಇಲ್ಲ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಮನೇಲಿ ಯಾರಿಗೂ ದುಡ್ಡಿನ ಲೆಕ್ಕ ಹೇಳೋಕೆ ಬಾಯೇ ಬರ್ಲಿಲ್ಲ.

ನಮ್ಮಪ್ಪನ ಕಾಲದಲ್ಲಿ ಟಾಟಾ 1613 ಇತ್ತು, ಅದ್ರಲ್ಲಿ ಎಲ್ಲಾ ಮೆಕ್ಯಾನಿಕಲ್ ಪಂಪು, ಪಂಪು ನಾಝಲ್ ಕೆಲಸಕ್ಕೆ ಪಂಪ್ ರೂಮಿಗೆ ಕೊಟ್ರೆ ಮುಗೀತು, ಉಳಿದಿದ್ದು ಮರದ ಕೆಳಗೆ ಕೂತು ಮಾಡ್ತಿದ್ರು. ಈಗಿಂದು ಕಾಮನ್ ರೈಲ್, ಅಂದ್ರೆ ಎಲ್ಲಾ ಇಂಜೆಕ್ಟರಿಗೂ ಒಂದೇ ದಪ್ಪ ಪೈಪಿಂದ ಡೀಸೆಲ್, ಆ ಪೈಪೇ ರೈಲು. ಕಾರಿನ ಟಯರಲ್ಲಿ ಎರಡು ಬಾರ್ ಚಿಲ್ಲರೆ ಗಾಳಿ ಇರತ್ತೆ ಅನ್ಕೊಳ್ಳಿ, ಈ ರೈಲಲ್ಲಿ ಡೀಸೆಲ್ ಪ್ರೆಶರ್ ಫುಲ್ ಲೋಡಲ್ಲಿ 1600 ಬಾರ್ ತನಕ ಹೋಗತ್ತೆ, ಎಷ್ಟು ಡೀಸೆಲ್ ಯಾವಾಗ ಹೊಡೀಬೇಕು ಅಂತ ಈಸಿಎಂ, ಅಂದ್ರೆ ಎಂಜಿನ್ನಿನ ಕಂಪ್ಯೂಟರ್, ಹೇಳತ್ತೆ. ಕಿವಿ ಒಂದರಲ್ಲೇ ಇದನ್ನ ಹಿಡಿಯೋಕಾಗಲ್ಲ, ಆ ಕಂಪ್ಯೂಟರ್ ಓದೋ ಸ್ಕ್ಯಾನರ್ ಒಂದರಲ್ಲೇ ಹಿಡಿಯೋಕೂ ಆಗಲ್ಲ. ಎರಡೂ ಬಲ್ಲೋನು ಬೇಕು. ಅಂಥೋನು ಎಲ್ಲಿದಾನೆ ಅಂತ ಹುಡುಕೋಕೆ ಶುರು ಮಾಡ್ದೆ, ಗಾಡೀನ ಅರ್ಧ ಲೋಡಲ್ಲಿ ಹತ್ರ ಹತ್ರದ ಬಾಡಿಗೆಗೆ ಓಡಿಸ್ಕೊಂಡು.

ಮೊದ್ಲು ಓನರ್‌ಗಳನ್ನ ಕೇಳ್ದೆ. ಪ್ರಯೋಜನ ಆಗ್ಲಿಲ್ಲ, ಓನರ್‌ಗೆ ಬಿಲ್ ಗೊತ್ತಿರತ್ತೆ, ಕೆಲಸ ಗೊತ್ತಿರಲ್ಲ, ಮೇಲಾಗಿ ನಾವು ಹೋಗೋ ಗ್ಯಾರೇಜನ್ನ ಕೆಟ್ಟದು ಅಂತ ಒಪ್ಕೊಳ್ಳೋಕೆ ಯಾರಿಗೂ ಮನಸ್ಸು ಬರಲ್ಲ. ಆಮೇಲೆ ಡ್ರೈವರ್‌ಗಳನ್ನ ಕೇಳೋಕೆ ಶುರು ಮಾಡ್ದೆ, ಅದೂ ಒಳ್ಳೆ ಗ್ಯಾರೇಜ್ ಯಾವ್ದು ಅಂತ ಕೇಳ್ಲಿಲ್ಲ. "ಕೆಲಸ ಮಾಡಿಸ್ಕೊಂಡು ಹೋದ್ಮೇಲೆ ಅದೇ ಕೆಲಸಕ್ಕೆ ಎಷ್ಟು ಸಲ ವಾಪಸ್ ಬಂದಿದೀಯ" ಅಂತ ಕೇಳ್ದೆ. ಈ ಪ್ರಶ್ನೆಗೆ ಡ್ರೈವರ್ ಸುಳ್ಳು ಹೇಳಲ್ಲ, ಯಾಕಂದ್ರೆ ರಾತ್ರಿ ರೋಡಲ್ಲಿ ನಿಂತು ಸೊಳ್ಳೆ ಕಚ್ಚಿಸ್ಕೊಂಡಿರೋನು ಅವ್ನೇ. ಮೂರು ಜನ ಬೇರೆ ಬೇರೆ ಟ್ರಾನ್ಸ್‌ಪೋರ್ಟಿನ ಡ್ರೈವರ್‌ಗಳು ಸಿರಾ ಕಡೆ ಹಳೇ ರೋಡ್ ಪಕ್ಕದ ಒಬ್ರು ಭಾಯ್ ಬಗ್ಗೆ ಹೇಳಿದ್ರು. ನೇರ ಹೋಗ್ಲಿಲ್ಲ. ಎದುರಿಗೆ ಒಂದು ಟೀ ಅಂಗಡಿ ಇತ್ತು, ಎರಡು ದಿನ ಬೆಳಿಗ್ಗೆ ಹೋಗಿ ಅಲ್ಲಿ ಕೂತೆ.

ಏನು ನೋಡ್ದೆ ಅಂದ್ರೆ, ಒಳಗೆ ನಿಂತಿರೋ ಗಾಡಿಗಳ ಚಕ್ರದ ಸುತ್ತ ಹುಲ್ಲು ಬೆಳೆದಿದ್ಯಾ ಅಂತ. ತಿಂಗಳುಗಟ್ಲೆ ಬಿಚ್ಚಿ ಬಿಟ್ಟಿರೋ ಗಾಡಿ ಇದ್ರೆ ಅಲ್ಲಿ ನಮ್ಮ ಗಾಡೀಗೂ ಅದೇ ಗತಿ. ಇಲ್ಲಿ ಇರ್ಲಿಲ್ಲ. ಒಂದೇ ಟ್ರಾನ್ಸ್‌ಪೋರ್ಟ್ ಹೆಸರಿನ ಬೇರೆ ಬೇರೆ ನಂಬರ್ ಗಾಡಿಗಳು ಬರ್ತಿದ್ವು, ಅಂದ್ರೆ ಹತ್ತು ಗಾಡಿ ಇರೋನು ನಂಬಿ ಕಳಿಸ್ತಿದಾನೆ. ಇನ್ನೊಂದು ಸಣ್ಣ ವಿಷ್ಯ, ನಂಗೆ ತುಂಬಾ ಹಿಡಿಸಿದ್ದು. ಒಂದು ಗಾಡೀದು ಡೀಸೆಲ್ ಪೈಪ್ ಬಿಚ್ಚಿದ್ರು, ಹದಿನೆಂಟು ವರ್ಷದ ಹುಡುಗ ಆ ಪೈಪಿನ ಬಾಯಿಗೂ ಪಂಪಿನ ಬಾಯಿಗೂ ಪ್ಲಾಸ್ಟಿಕ್ ಕ್ಯಾಪ್ ಹಾಕಿ, ಕ್ಯಾಪ್ ಸಾಲದೇ ಇರೋ ಕಡೆ ಹೊಸಾ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕ್ದ, ಆಮೇಲೇನೇ ಊಟಕ್ಕೆ ಎದ್ದ. ಕಾಮನ್ ರೈಲಿಗೆ ಕಣ್ಣಿಗೆ ಕಾಣದ ಧೂಳು ಸಾಕು, ಇಂಜೆಕ್ಟರ್ ಹಾಳಾಗೋಕೆ. ನಾನು ದುಡ್ಡು ಸುರಿದ ಜಾಗದಲ್ಲಿ ಬಿಚ್ಚಿದ ಪೈಪುಗಳು ಬಾಯಿ ತೆಕ್ಕೊಂಡು ನೆಲದ ಮೇಲೆ ಬಿದ್ದಿದ್ವು, ಪಕ್ಕದಲ್ಲೇ ಗ್ರೈಂಡರ್ ಓಡ್ತಿತ್ತು.

ಮೂರನೇ ದಿನ ಗಾಡಿ ತಗೊಂಡು ಹೋದೆ. ಭಾಯ್‌ಗೆ ಅರವತ್ತರ ಹತ್ರ ಇರ್ಬೋದು, ಮಗ ಜೊತೆಗಿದಾನೆ, ಸ್ಕ್ಯಾನರ್ ಕೆಲಸ ಮಗಂದು. ನಾನು ಇಂಜೆಕ್ಟರ್ ಹಾಕ್ಸಿದ ಕತೆ ಹೇಳೋಕೆ ಹೋದೆ, "ಅದಿರ್ಲಿ ಓನರ್ರೆ, ಗಾಡಿ ಏನಂತೈತೆ ನೋಡಾಣ, ನೀವು ಹಿಂದೆ ಕೂತ್ಕಳಿ" ಅಂತ ತಾನೇ ಸ್ಟೇರಿಂಗ್ ಹಿಡಿದ್ರು. ಮಗ ಸ್ಕ್ಯಾನರ್ ಹಾಕ್ಕೊಂಡು ಪಕ್ಕದಲ್ಲಿ ಕೂತ. ಒಂದು ಸಣ್ಣ ಏರಲ್ಲಿ ಆಕ್ಸಲೇಟರ್ ಪೂರ್ತಿ ಒತ್ತಿದ್ರು. ಮಗ ಅಪ್ಪಂಗೆ ಅಂದ, "ರೈಲ್ ಪ್ರೆಶರ್ ಕೇಳಿದಷ್ಟು ಬರ್ತೈತೆ ಅಬ್ಬಾ, ಬೂಸ್ಟ್ ಮಾತ್ರ ಬರ್ತಿಲ್ಲ." ಅಷ್ಟೇ. ಬೂಸ್ಟ್ ಅಂದ್ರೆ ಟರ್ಬೋ ಒತ್ತೋ ಗಾಳಿ. ಡೀಸೆಲ್ ಸರಿ ಇದೆ, ಗಾಳಿ ಸಾಲ್ತಿಲ್ಲ, ಅದಕ್ಕೇ ಸುಡದೇ ಕರೀ ಹೊಗೆ ಬರ್ತಿದೆ.

ಗಾಡಿ ನಿಲ್ಸಿ ಕ್ಯಾಬಿನ್ ಎತ್ತಿದ್ರು. ಟರ್ಬೋದಿಂದ ಆ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್‌ಗೆ ಹೋಗೋ ಪೈಪಿನ ಬಾಯಿ ಮುಚ್ಚಿ, ಕಂಪ್ರೆಸರ್ ಗಾಳೀನ ರೆಗ್ಯುಲೇಟರಲ್ಲಿ ಇಳಿಸಿ ಒಂದು ಬಾರ್ ಆಸುಪಾಸಲ್ಲಿ ಒಳಗೆ ಬಿಟ್ರು. ಒಂದು ಡಬ್ಬೀಲಿ ಸೋಪಿನ ನೀರು ಕಲಸಿ ಬ್ರಷ್ಷಲ್ಲಿ ಬಳೀತಾ ಹೋದ್ರು. ಮೇಲ್ಗಡೆ ಏನಿಲ್ಲ. ಇಂಟರ್‌ಕೂಲರ್ ಔಟ್‌ಲೆಟ್ ಹತ್ರ ರಬ್ಬರ್ ಹೋಸ್, ಅದ್ರ ಕೆಳಮೈ, ಕಣ್ಣಿಗೆ ಕಾಣೋದೇ ಇಲ್ಲ, ಭಾಯ್ ಅಲ್ಲಿಗೆ ಕೈ ತೂರ್ಸಿ ಬೆರಳು ಹೊರಗೆ ತೆಗೆದು ನಂಗೆ ತೋರ್ಸಿದ್ರು, ಬೆರಳ ತುದೀಲಿ ಎಣ್ಣೆ ಪಸೆ. ಆಮೇಲೆ ಬ್ರಷ್ ಹಾಕಿದ್ರು, ಕ್ಲಿಪ್ಪಿನ ಅಂಚಲ್ಲಿ ಬೆಳ್ಳಗೆ ನೊರೆ ಉಕ್ಕಿ ಬಂತು, ಹಾಲು ಉಕ್ಕಿದಂಗೆ. ಕ್ಲಿಪ್ ಬಿಗಿದಿದ್ದ ಜಾಗದಲ್ಲಿ ಹೋಸ್ ಸೀಳಿತ್ತು, ನಾಲ್ಕು ಬೆರಳಷ್ಟು ಉದ್ದ, ಗಾಡಿ ನಿಂತಿದ್ದಾಗ ಮುಚ್ಕೊಂಡಿರತ್ತೆ, ಲೋಡಲ್ಲಿ ಬೂಸ್ಟ್ ಬಂದ್ರೆ ಬಾಯಿ ಬಿಡತ್ತೆ.

ಹೊಸಾ ಹೋಸ್, ಎರಡು ಕ್ಲಿಪ್ಪು, ಕೂಲಿ ಎಲ್ಲಾ ಸೇರಿ 3,400. ಹಳೇ ಹೋಸ್ ನನ್ನ ಕೈಗೆ ಕೊಟ್ರು, ಅದು ಇವತ್ತೂ ನಮ್ಮನೆ ಅಟ್ಟದ ಮೇಲಿದೆ. ದುಃಖ ಏನಂದ್ರೆ, ಇಂಜೆಕ್ಟರ್ ಬಿಚ್ಚೋಕೆ ಮುಂಚೆ ರಿಟರ್ನ್ ಲೈನಿಗೆ ಆರು ಸಣ್ಣ ಬಾಟ್ಲಿ ಕಟ್ಟಿ ಎಂಜಿನ್ ಓಡಿಸಿದ್ರೆ ಯಾವ್ದು ಹೆಚ್ಚು ಡೀಸೆಲ್ ವಾಪಸ್ ಬಿಡ್ತಿದೆ ಅಂತ ಸ್ವಲ್ಪ ಹೊತ್ತಲ್ಲೇ ಕಾಣತ್ತೆ, ಎಲ್ಲಾ ಸಮ ಇದ್ರೆ ಅನುಮಾನ ಬೇರೆ ಕಡೆ ತಿರುಗ್ತಿತ್ತು. ಇನ್ನೊಂದೂ ಆವಾಗ್ಲೇ ಗೊತ್ತಾಗಿದ್ದು, ಇಂಥಾ ಇಂಜೆಕ್ಟರ್ ಒಂದೊಂದಕ್ಕೂ ಒಂದು ಕೋಡ್ ಇರತ್ತೆ, ಹೊಸದು ಹಾಕಿದ್ರೆ ಅದನ್ನ ಈಸಿಎಂಗೆ ಬರೀಬೇಕು. ಭಾಯ್ ಮಗ ನೋಡಿದ್ರೆ ಆರರಲ್ಲಿ ಒಂದನ್ನೂ ಬರ್ದಿರ್ಲಿಲ್ಲ. ಬರ್ಕೊಟ್ಟ, ಅದಕ್ಕೆ ದುಡ್ಡು ಕೇಳ್ಲಿಲ್ಲ, ನಾನೇ ಕೊಟ್ಟೆ.

ಒಂದು ಸಲ ಸರಿ ಮಾಡಿದ್ರು ಅಂತ ಎಲ್ಲಾನೂ ಅಲ್ಲಿಗೇ ಒಪ್ಸಲಿಲ್ಲ. ಸಣ್ಣ ಸಣ್ಣ ಕೆಲಸ ಕೊಟ್ಟು ನೋಡ್ದೆ. ಆಯಿಲ್ ಸರ್ವೀಸು, ಬ್ರೇಕ್ ಲೈನರ್. ಲೈನರ್ ಕೆಲಸದಲ್ಲಿ ಬಲಗಡೆ ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕಿನ ಸಡಿಲ ಬಿಗಿ ಮಾಡೋ ಸಾಮಾನು) ಹಿಡ್ಕೊಂಡಿದೆ ಅಂತ ನಂಗೆ ಮೊದ್ಲೇ ಗೊತ್ತಿತ್ತು, ಬೇಕಂತ್ಲೇ ಹೇಳ್ಲಿಲ್ಲ. ಸಾಯಂಕಾಲ ಭಾಯ್ ಫೋನ್ ಮಾಡಿ ಅದನ್ನೇ ಹೇಳಿದ್ರು, ಬದಲಾಯಿಸೋದು ಬೇಡ, ಬಿಚ್ಚಿ ತೊಳೆದು ಗ್ರೀಸ್ ಹೊಡೆದ್ರೆ ಸಾಕು ಅಂದ್ರು. ಆವತ್ತಿಂದ ನಂಗೆ ಅವ್ರ ಮೇಲೆ ಪೂರ್ತಿ ನಂಬಿಕೆ ಬಂತು.

ಸಾಮಾನಿನ ವಿಷ್ಯಾನೂ ಮೊದ್ಲೇ ಬಾಯಿ ಬಿಟ್ಟು ಮಾತಾಡ್ಕೊಂಡೆ. ಸ್ಪೇರ್ ಅಂಗಡೀಲಿ ಮೇಸ್ತ್ರಿಗಳಿಗೆ ಕಮಿಷನ್ ಕೊಡೋದು ಹೊಸದಲ್ಲ, ಎಲ್ರಿಗೂ ಗೊತ್ತಿರೋದೇ. ನಾನಂದೆ, ಭಾಯ್ ಕೂಲಿ ನೀವು ಕೇಳಿದಷ್ಟು ಕೊಡ್ತೀನಿ, ಚೌಕಾಸಿ ಮಾಡಲ್ಲ, ಸಾಮಾನು ಚೀಟಿ ಬರ್ಕೊಡಿ ನಾನೇ ತರ್ತೀನಿ. ಒಪ್ಕೊಂಡ್ರು, ಆದ್ರೆ ಒಂದು ಷರತ್ತು ಹಾಕಿದ್ರು, ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ರು, ಹೆಡ್ ಗ್ಯಾಸ್ಕೆಟ್ಟು ಇಂಥವು ಕಂಪ್ನಿ ಸಾಮಾನೇ ಆಗ್ಬೇಕು, ಹಳೇದನ್ನ ಮತ್ತೆ ಹಾಕು ಅಂತ ನೀವು ಹೇಳೋ ಹಂಗಿಲ್ಲ, ಹೇಳಿದ್ರೆ ಕೆಲಸ ಮಾಡಲ್ಲ ಅಂದ್ರು. ನಮ್ಮಂಥ ಓನರ್‌ಗಳು ಕೂಲೀಲಿ ಐನೂರು ಉಳಿಸೋಕೆ ಹೋಗಿ ಮೇಸ್ತ್ರೀನ ಕಮಿಷನ್ನಿಗೆ ತಳ್ತೀವಿ, ಇದನ್ನ ನಾನು ಮನಸಾರೆ ಹೇಳ್ತಿದೀನಿ, ಒಳ್ಳೆ ಕೆಲಸಕ್ಕೆ ಕೂಲಿ ಪೂರ್ತಿ ಕೊಡ್ಬೇಕು.

ನಮ್ಮ ಭಾವಂದು ಬಿಎಸ್-6 ಗಾಡಿ, ತುಮಕೂರಲ್ಲಿ. 2020ರ ಏಪ್ರಿಲ್‌ನಿಂದ ಬಂದಿರೋವೆಲ್ಲಾ ಅವೇ. ಅದ್ರಲ್ಲಿ ಹೊಗೆಯ ವಿಷ ಕಡ್ಮೆ ಮಾಡೋಕೆ ಯೂರಿಯಾ ನೀರು ಹಾಕ್ಬೇಕು, ಅದೇ ಡೆಫ್, ಅದ್ರಲ್ಲಿ 32.5 ಪರ್ಸೆಂಟ್ ಯೂರಿಯಾ ಇರ್ಬೇಕು, ಉಳಿದಿದ್ದು ಶುದ್ಧ ನೀರು. ಅವ್ರ ಡ್ರೈವರ್ ರೋಡ್ ಪಕ್ಕ ಕಡ್ಮೆಗೆ ಸಿಕ್ತು ಅಂತ ಯಾವ್ದೋ ಕ್ಯಾನ್ ಹಾಕ್ಸಿದ, ಲೈಟ್ ಹತ್ಕೊಂಡು ಪಿಕಪ್ಪೇ ಬಿದ್ದೋಯ್ತು. ಒಂದು ಕಡೆ ಕೇಳಿದ್ರೆ, ಯೂರಿಯಾ ಸಿಸ್ಟಮ್ಮೇ ಬೈಪಾಸ್ ಮಾಡ್ಕೊಡ್ತೀವಿ, ಇನ್ಮೇಲೆ ಹಾಕೋ ಖರ್ಚೇ ಇಲ್ಲ ಅಂದ್ರಂತೆ. ಭಾವಂಗೆ ಆಸೆ ಆಗಿತ್ತು. ನಾನು ಜಗಳ ಮಾಡಿ ಬಿಡಿಸ್ದೆ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಅದು ತಪ್ಪು, ಅದಕ್ಕಿಂತ ಹೆಚ್ಚಾಗಿ ನಮ್ಮ ಮಕ್ಳೇ ಆ ಹೊಗೆ ಕುಡಿಯೋದು. ಬೈಪಾಸ್ ಮಾಡ್ತೀನಿ ಅಂತ ತಾನಾಗೇ ಹೇಳೋ ಗ್ಯಾರೇಜಿಂದ ಗಾಡಿ ತಿರುಗಿಸ್ಕೊಂಡು ಬನ್ನಿ, ಅಷ್ಟೇ ನನ್ನ ಮಾತು. ವಾರಂಟಿ ಇತ್ತು, ಕಂಪ್ನಿ ಸರ್ವೀಸಿಗೇ ಬಿಡಿಸ್ದೆ, ಟ್ಯಾಂಕ್ ಖಾಲಿ ಮಾಡಿ ತೊಳೆದು ಸರಿ ಮಾಡಿದ್ರು. ಕೂಲಿ ಜಾಸ್ತಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ನಿಜ, ಆದ್ರೆ ವಾರಂಟಿ ಇರೋತನಕ ಹೊರಗೆ ಬಿಚ್ಚಿಸೋದು ಬೇಡ.

ಭಾಯ್ ಎಲ್ಲಾ ಕೆಲಸಾನೂ ಮಾಡಲ್ಲ. ಕಮಾನ್ (ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ) ಕೆಲಸ ಅಂದ್ರೆ ಹಿರಿಯೂರಿಗೇ ಕಳಿಸ್ತಾರೆ, ಲೇತ್ ಕೆಲಸಕ್ಕೆ ತುಮಕೂರು, ವೈರಿಂಗಿಗೆ ಇನ್ನೊಬ್ರು. ಇಂಜೆಕ್ಟರ್ ಟೆಸ್ಟ್ ಬೆಂಚು ತನ್ನ ಹತ್ರ ಇಲ್ಲ, ಬೆಂಚಿಗೆ ಹಾಕದೇ ನಾನು ಹೇಳಲ್ಲ ಅಂತ ನೇರವಾಗಿ ಹೇಳ್ತಾರೆ. ಒಂದು ಉದ್ದ ನೋಟ್‌ಬುಕ್ಕಲ್ಲಿ ಪ್ರತಿ ಗಾಡಿಗೂ ಒಂದು ಪುಟ, ನಮ್ಮ ಗಾಡಿ ಪುಟದಲ್ಲಿ ಕಿಲೋಮೀಟರು, ತಾರೀಖು, ಏನು ಮಾಡಿದ್ದು, ಏನು ಮಾಡದೇ ಬಿಟ್ಟಿದ್ದು. ಈ ಬಿಟ್ಟಿದ್ದು ಬರ್ಕೊಳ್ಳೋ ಮೇಸ್ತ್ರೀನ ನಾನು ಬೇರೆಲ್ಲೂ ನೋಡಿಲ್ಲ.

ಎಂಟು ವರ್ಷ ತುಂಬಿದ್ರೆ ವರ್ಷಾ ವರ್ಷಾ ಎಫ್‌ಸಿ, ಅಂದ್ರೆ ಗಾಡಿ ಓಡೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟು, ಮಾಡಿಸ್ಬೇಕು, ಅದಕ್ಕೆ ಈಗ್ಲೇ ಮುಂದಿನ ಚಕ್ರದ ಕಿಂಗ್ ಪಿನ್, ಟೈ ರಾಡ್ ಎಲ್ಲಾ ನೋಡಿ ಅಂತ ಹೋದ ವಾರ ಗಾಡಿ ಬಿಟ್ಟಿದ್ದೆ. ಕ್ಲಚ್ಚೂ ಯಾಕೋ ಮೇಲೆ ಹಿಡೀತಿದೆ ಅಂದಿದ್ದೆ, ಪ್ಲೇಟ್ ತಂದಿಟ್ಬಿಡ್ಲಾ ಅಂತಾನೂ ಕೇಳಿದ್ದೆ. ಮಾರನೇ ದಿನ ಮಧ್ಯಾಹ್ನ ಫೋನ್ ಬಂತು. "ಓನರ್ರೆ, ಎಡಗಡೆ ಕಿಂಗ್ ಪಿನ್ ಹಾಕ್ಲೇಬೇಕು, ಬಲಗಡೇದು ಐತೆ ಇನ್ನೂ. ಕ್ಲಚ್ ಅಡ್ಜಸ್ಟ್ ಮಾಡಿದೀನಿ, ಪ್ಲೇಟ್ ತರಬ್ಯಾಡ್ರಿ, ಈರುಳ್ಳಿ ಸೀಸನ್ ಮುಗಿಸ್ಕಂಡು ಬರ್ರಿ" ಅಂದ್ರು. ಅವತ್ತು ಸಾಯಂಕಾಲವೇ ಡ್ರೈವರ್ ಹೋಗಿ ಗಾಡಿ ತಗೊಂಡು ಬಂದ, ರಾತ್ರಿಗೆ ಚಳ್ಳಕೆರೇಲಿ ಲೋಡಿಗೆ ನಿಂತಿತ್ತು.